ಕಿವಿಗೊಂದು ಹಿಡಿಕೆ: ಹೊಸ ಸಂಗೀತ, ಅಪರೂಪದ ಸಂಗೀತ ಕುರಿತು ಓದುಗರ ಪ್ರಶ್ನೆಗಳು

20ನೇ ಶತಮಾನದ ಪಾಶ್ಚಾತ್ಯ ಪ್ರಯೋಗಗಳು, ಹೆಸರೇ ಕೇಳಿರದ ರಚನಕಾರರು, ನಮ್ಮಲ್ಲೇ ಕಚೇರಿಗೆ ಅಪರೂಪವಾಗಿರುವ ರಾಗಗಳು. ಇವನ್ನು ಕೇಳುವ ಬಗೆ ಹೇಗೆಂದು ಬಂದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಕರ್ನಾಟಕ ಸಂಗೀತ ಕೇಳಿ ನಲವತ್ತು ವರ್ಷದ ರೂಢಿ ನನ್ನದು. ಆಸ್ಟ್ರಿಯದ ರಚನಕಾರ ಶೋನ್‌ಬರ್ಗ್ ಅವರ ಒಂದು ಕೃತಿ ಹಾಕಿ ಮೂರೇ ನಿಮಿಷಕ್ಕೆ ನಿಲ್ಲಿಸಿದೆ. ತಲೆಬುಡ ತಿಳಿಯಲಿಲ್ಲ. ಎಲ್ಲಿಂದ ಶುರು ಮಾಡಲಿ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ)

ನಿಲ್ಲಿಸಿದ್ದರಲ್ಲಿ ನಿಮ್ಮ ತಪ್ಪೇನಿಲ್ಲ, ನೀವು ಹತ್ತಲು ಹೊರಟ ಜಾಗ ಕಡಿದಾದದ್ದು. ಶೋನ್‌ಬರ್ಗ್ 1920ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ 12 ಸ್ವರಸ್ಥಾನಗಳನ್ನೂ ಒಂದು ಸಾಲಾಗಿ ಜೋಡಿಸಿಕೊಂಡು, ಯಾವುದಕ್ಕೂ ಹೆಚ್ಚಿನ ಮಾನ ಕೊಡದೆ ಬಳಸುತ್ತಾರೆ. ಅಲ್ಲಿ ಷಡ್ಜ, ಅಂದರೆ ಆಧಾರದ ‘ಸ’, ಹುಡುಕಿದರೆ ಸಿಗುವುದಿಲ್ಲ. ಸಿಗಬಾರದೆಂದೇ ಹಾಗೆ ಬರೆದದ್ದು. ನಲವತ್ತು ವರ್ಷ ಷಡ್ಜಕ್ಕೆ ಬೆನ್ನು ಕೊಟ್ಟು ಕೂತ ಕಿವಿಗೆ ಒರಗುವ ಗೋಡೆಯನ್ನೇ ತೆಗೆದುಬಿಟ್ಟ ಹಾಗಾಗುತ್ತದೆ.

ಹಂಗೇರಿಯ ಲಿಗೆಟಿ ಅವರ ‘ಮ್ಯೂಸಿಕಾ ರಿಚೆರ್ಕಾಟಾ’ದಿಂದ ಶುರು ಮಾಡಿ. 1951ರಿಂದ 1953ರ ನಡುವೆ ಪಿಯಾನೊಗೆಂದು ಬರೆದ 11 ಚಿಕ್ಕ ತುಣುಕುಗಳಿವು. ಮೊದಲನೆಯದರಲ್ಲಿ ಇರುವುದು ಎರಡೇ ಸ್ವರ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ನಾಲ್ಕು. ಹೀಗೆ ಒಂದೊಂದೇ ಕೂಡುತ್ತಾ 11ನೆಯದರ ಹೊತ್ತಿಗೆ ಹನ್ನೆರಡೂ ಬಂದು ಸೇರುತ್ತವೆ. ಮೊದಲ ತುಣುಕಿನಲ್ಲಿ ‘ಎ’ ಸ್ವರವೊಂದನ್ನೇ ಮಂದ್ರದಿಂದ ತಾರದವರೆಗೆ ಎಲ್ಲ ಸ್ಥಾಯಿಗಳಲ್ಲಿ, ಬೇರೆ ಬೇರೆ ಲಯದಲ್ಲಿ ಬಡಿಯುತ್ತಾ ಹೋಗುತ್ತಾರೆ. ‘ಡಿ’ ಬರುವುದು ಕಟ್ಟಕಡೆಗೆ. ಡಿ ಷಡ್ಜವಾದರೆ ಎ ಅದರ ಪಂಚಮ. ಅಂದರೆ ಉದ್ದಕ್ಕೂ ಪಂಚಮದಲ್ಲೇ ಸುತ್ತಾಡಿಸಿ, ಕೊನೆಗೆ ಷಡ್ಜದ ಮೇಲೆ ಇಳಿಸುತ್ತಾರೆ. ಒಮ್ಮೆ ಹಾಗೆಯೇ ಕೇಳಿ. ಎರಡನೇ ಬಾರಿ ಶ್ರುತಿಪೆಟ್ಟಿಗೆಯನ್ನು ಡಿ ಶ್ರುತಿಗೆ ಇಟ್ಟು, ಮೆಲ್ಲಗೆ ನುಡಿಯಲು ಬಿಟ್ಟು ಕೇಳಿ. ಪಿಯಾನೊ ಜೊತೆ ಅಲೆ ಅಲೆಯಾಗಿ ಕೇಳಿಸಿದರೆ ಪೆಟ್ಟಿಗೆಯ ಸೂಕ್ಷ್ಮ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಿಕೊಳ್ಳಿ. ಮೂರನೇ ಬಾರಿ ಪೆಟ್ಟಿಗೆ ಆರಿಸಿ ಕೇಳಿ. ಷಡ್ಜ ಹೊರಗೆ ನುಡಿಯದಿದ್ದರೂ ನಿಮ್ಮೊಳಗೆ ನಿಂತಿರುತ್ತದೆ, ಕೊನೆಯ ಡಿ ಬಂದಾಗ ಮೈ ಜುಮ್ಮೆನ್ನುತ್ತದೆ.

ಮರುದಿನ ಎರಡನೆಯ ತುಣುಕು. ಅಕ್ಕಪಕ್ಕದ ಮೂರೇ ಸ್ವರಸ್ಥಾನ. ಎರಡರ ನಡುವೆ ನಿಧಾನ ಓಲಾಟ ನಡೆಯುತ್ತಿರುವಾಗ ಮೂರನೆಯದು ಮೊಳೆ ಹೊಡೆದಂತೆ ಬಂದು ಬೀಳುತ್ತದೆ. ದಿನಕ್ಕೊಂದರಂತೆ ಹನ್ನೊಂದು ದಿನ ಕೇಳಿ, ಒಂದೇ ಸಲ ಕೂತು ಎಲ್ಲವನ್ನೂ ಮುಗಿಸಬೇಡಿ. ಸ್ವರ ಒಂದು ಹೆಚ್ಚಾದಾಗ ಏನು ಹೆಚ್ಚಾಯಿತು ಎಂಬುದಷ್ಟೇ ನಿಮ್ಮ ಪ್ರಶ್ನೆಯಾಗಿರಲಿ.

ಇದಾದ ಮೇಲೆ ಶೋನ್‌ಬರ್ಗ್ ಶಿಷ್ಯ ವೇಬರ್ನ್ ಅವರ ಆರು ಬಗಟೆಲ್‌ಗಳು (ಕಿರುತುಣುಕುಗಳು), ಓಪಸ್ 9, ಅಂದರೆ ಅವರ ಕೃತಿಪಟ್ಟಿಯ ಒಂಬತ್ತನೇ ಸಂಖ್ಯೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಆರೂ ಸೇರಿ ಸುಮಾರು 4 ನಿಮಿಷ. ಇಲ್ಲಿ ರಾಗದ ಎಳೆ ಹಿಡಿಯಲು ಹೋಗಬೇಡಿ, ಒಂದೊಂದು ಸ್ವರವೂ ಹೇಗೆ ಹುಟ್ಟುತ್ತಿದೆ ಎಂದು ಕೇಳಿ: ಬೆರಳಿನಿಂದ ಮೀಟಿದ್ದೋ, ಕಮಾನನ್ನು ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಬಳಿ ಎಳೆದು ಗಾಜಿನಂಥ ಕೀರಲು ತಂದದ್ದೋ, ತಂತಿಯನ್ನು ಬರಿದೇ ಸೋಕಿಸಿ ತೆಗೆದದ್ದೋ. ಗಮಕದ ಒಂದೊಂದು ಅಲುಗಾಟವನ್ನೂ ಗುರುತಿಸುವ ಕಿವಿಗೆ ಇದು ಕಷ್ಟವಲ್ಲ.

ಮೂರನೆಯದು ಮತ್ತೆ ಲಿಗೆಟಿ, 1961ರ ‘ಅಟ್ಮೋಸ್ಫೇರ್’. ದೊಡ್ಡ ವಾದ್ಯವೃಂದ, 9 ನಿಮಿಷದ ಆಸುಪಾಸು. ತಾಳವೂ ಇಲ್ಲ, ಹಾಡಿನಂಥ ಎಳೆಯೂ ಇಲ್ಲ, ಮೋಡದ ಹಾಗೆ ಒಂದು ನಾದರಾಶಿ ಬಣ್ಣ ಬದಲಿಸುತ್ತಾ ಸರಿಯುತ್ತದೆ. ನಡುವೆ ಒಂದೆಡೆ ಅದು ಮೇಲೇರುತ್ತಾ ಏರುತ್ತಾ ಪಿಕೊಲೊಗಳ (ಪುಟ್ಟ ಕೊಳಲುಗಳ) ಕಿವಿ ಚುಚ್ಚುವ ತುದಿ ಮುಟ್ಟಿ, ಅಲ್ಲಿಂದ ಫಕ್ಕನೆ ಡಬಲ್ ಬೇಸುಗಳ ಪಾತಾಳಕ್ಕೆ ಬೀಳುತ್ತದೆ. ಮೊದಲ ಸಲ ಆ ಒಂದು ಜಾಗಕ್ಕಾಗಿ ಕಾಯಿರಿ. ಎರಡನೇ ಸಲ ಅದರ ಹಿಂದಿನದೂ ಮುಂದಿನದೂ ತಾನಾಗಿ ಬಿಡಿಸಿಕೊಳ್ಳುತ್ತವೆ. ಆಮೇಲೆ ಶೋನ್‌ಬರ್ಗ್ ಕಡೆ ಮರಳಿ.

ಹೊಸಬರು ಹೆಚ್ಚಾಗಿ ಎಡವುವುದು ಎರಡು ಕಡೆ. ಗಂಟೆಗಟ್ಟಲೆ ಉದ್ದದ ಕೃತಿಯಿಂದ ಶುರು ಮಾಡುವುದು ಒಂದು. ಸೊಪ್ಪು ಬಿಡಿಸುತ್ತಾ, ಪತ್ರಿಕೆ ಓದುತ್ತಾ ಕೇಳುವುದು ಇನ್ನೊಂದು. ಪರಿಚಿತ ರಾಗವನ್ನು ಅರೆಗಿವಿಯಲ್ಲಿ ಕೇಳಿದರೂ ಮನಸ್ಸು ಬಿಟ್ಟ ಜಾಗ ತುಂಬಿಕೊಳ್ಳುತ್ತದೆ. ಇಲ್ಲಿ ತುಂಬಿಕೊಳ್ಳಲು ಏನೂ ಇರುವುದಿಲ್ಲ, ಹಾಗಾಗಿ ಗದ್ದಲವಷ್ಟೇ ಉಳಿಯುತ್ತದೆ. ನಾಲ್ಕು ನಿಮಿಷವಾದರೂ ಸರಿ, ಕೂತು ಕೇಳಿ.

ಅಮೆರಿಕದ ರಚನಕಾರ ಸ್ಟೀವ್ ರೈಕ್ ಅವರ ‘ಕ್ಲ್ಯಾಪಿಂಗ್ ಮ್ಯೂಸಿಕ್’ (ಚಪ್ಪಾಳೆಯ ಸಂಗೀತ) ಅನ್ನು ಮಕ್ಕಳಿಂದ ಮಾಡಿಸಬೇಕೆಂದಿದೆ. ಮೂರನೇ ಬದಲಾವಣೆಗೆ ಬರುವಷ್ಟರಲ್ಲಿ ಎಲ್ಲ ಚೆಲ್ಲಾಪಿಲ್ಲಿ. ದಾರಿ ಇದೆಯೇ?
(ಸಂಗೀತ ಶಿಕ್ಷಕಿ, ಹುಬ್ಬಳ್ಳಿ)

ಇದೆ, ಅದೂ ಕೊನ್ನಕ್ಕೋಲಿನ, ಅಂದರೆ ಬಾಯಲ್ಲಿ ಲಯದ ಸೊಲ್ಲು ಹೇಳುವ ದಾರಿಯಲ್ಲೇ. 1972ರ ಈ ಕೃತಿಗೆ ಬೇಕಾದದ್ದು ಇಬ್ಬರು ಜನ, ನಾಲ್ಕು ಕೈ. 12 ಮಾತ್ರೆಯ ಒಂದು ನಡೆ, ಅದರಲ್ಲಿ 8 ಚಪ್ಪಾಳೆ, 4 ಖಾಲಿ. ಚಪ್ಪಾಳೆ ಬೀಳುವುದು 1, 2, 3, 5, 6, 8, 10, 11ನೇ ಮಾತ್ರೆಗಳಲ್ಲಿ. ಅಂಕಿ ಹಿಡಿದು ಕಲಿಸಿದರೆ ಮಕ್ಕಳು ತಪ್ಪುವುದು ಖಂಡಿತ. ಬದಲಿಗೆ ಹೀಗೆ ಹೇಳಿಸಿ:

ತಕಧಿಮಿ – ತಕಿಟ – ತಕ – ತಕಿಟ

ನಾಲ್ಕು, ಮೂರು, ಎರಡು, ಮೂರು, ಕೂಡಿದರೆ 12. ಪ್ರತಿ ಸೊಲ್ಲಿನ ಕೊನೆಯ ಅಕ್ಷರಕ್ಕೆ ಕೈ ತಡೆಹಿಡಿಯಬೇಕು, ಉಳಿದ ಎಲ್ಲ ಅಕ್ಷರಕ್ಕೂ ಚಪ್ಪಾಳೆ. ರೈಕ್ ಬರೆದ ನಡೆ ಅಷ್ಟೇ. ಮೂರು ಎಣಿಕೆಯ ರೂಪಕಕ್ಕೆ ಎಣಿಕೆಗೆ ನಾಲ್ಕು ಮಾತ್ರೆಯಂತೆ ಇದು ಸರಿಯಾಗಿ ಒಂದು ಆವರ್ತನ. ನಿಮಿಷಕ್ಕೆ 40 ಎಣಿಕೆಯಿಂದ ಆರಂಭಿಸಿ.

ಮೊದಲನೆಯವರು ಕೊನೆವರೆಗೂ ಈ ನಡೆ ಬಿಡುವುದಿಲ್ಲ. ಎರಡನೆಯವರು ಅದನ್ನೇ ಕೆಲವು ಆವರ್ತನ ಹಾಕಿ, ಆಮೇಲೆ ಒಂದು ಮಾತ್ರೆ ಮುಂಚೆ ಎತ್ತಿಕೊಳ್ಳುತ್ತಾರೆ. ಅಂದರೆ ಮೊದಲ ‘ತ’ ಬಿಟ್ಟು ‘ಕಧಿಮಿ ತಕಿಟ ತಕ ತಕಿಟ ತ’ ಎಂದು ಸಮಕ್ಕೆ (ಆವರ್ತನದ ಮೊದಲ ಮಾತ್ರೆಗೆ) ಶುರು. ಮುಂದಿನ ಸಲ ‘ಧಿಮಿ’ಯಿಂದ. ಹೀಗೆ 12 ಸಲ ಸರಿದರೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ರಚನೆಯ ಪ್ರಕಾರ ಪ್ರತಿ ಹಂತವೂ 12 ಆವರ್ತನ. ಮಕ್ಕಳಿಗೆ ನಾಲ್ಕು ಸಾಕು.

ಚೆಲ್ಲಾಪಿಲ್ಲಿಯಾಗುವುದಕ್ಕೆ ಕಾರಣ ಹೆಚ್ಚಾಗಿ ಎರಡು. ಸರಿಯುವುದೆಂದರೆ ಓಡುವುದೆಂದು ಮಕ್ಕಳು ಕಾಲ ಏರಿಸುತ್ತಾರೆ. ಇಲ್ಲಿ ಜಾರಾಟವಿಲ್ಲ, ಒಂದು ಆವರ್ತನದಿಂದ ಮುಂದಿನದಕ್ಕೆ ತಟ್ಟನೆ ಜಿಗಿತ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಎರಡನೆಯವರಿಗೆ ತಮ್ಮ ‘ತಕಧಿಮಿ’ ಬಂದ ಜಾಗವೇ ಸಮವೆಂದು ಅನ್ನಿಸತೊಡಗುತ್ತದೆ, ಅಲ್ಲಿ ಕೈ ಜೋರಾಗುತ್ತದೆ. ರೈಕ್ ಅವರ ಸೂಚನೆಯೂ ಇದರ ಬಗ್ಗೆಯೇ: ಎರಡನೆಯವರ ಸಮವೂ ಮೊದಲನೆಯವರದ್ದೇ. ತಾಳ ಹಾಕಲು ಮೂರನೆಯ ಮಗುವನ್ನು ಕೂರಿಸಿ, ಕಾಲ್ಬೆರಳಲ್ಲಿ ಸಮ ಮುಟ್ಟಲು ಎಲ್ಲರಿಗೂ ಹೇಳಿ. ವೇದಿಕೆಗೆ ಬಂದಾಗ ತಾಳದ ಮಗು ಬೇಡ.

ಸರಿ ಹೋಗುತ್ತಿದೆಯೇ ಎಂದು ನೋಡಲು ಒಂದು ಪರೀಕ್ಷೆ. 1, 6 ಮತ್ತು 11ನೇ ಸಲ ಸರಿದಾಗ ಇಬ್ಬರ ಖಾಲಿಗಳೂ ಎಲ್ಲೂ ಒಟ್ಟಿಗೆ ಬೀಳುವುದಿಲ್ಲ, 12 ಮಾತ್ರೆಯೂ ತುಂಬಿರುತ್ತದೆ. ಎಲ್ಲಾದರೂ ಬಿಡುವು ಕೇಳಿಸಿತೋ, ಯಾರೋ ತಪ್ಪಿದ್ದಾರೆ. 6ನೆಯದರಲ್ಲಂತೂ ಇಬ್ಬರ ಕೈ ಕೂಡುವುದು 2, 5, 8, 11ರಲ್ಲಿ, ಸರಿಯಾಗಿ ಮೂರು ಮೂರು ಮಾತ್ರೆಗೊಮ್ಮೆ. ಯಾರೂ ತಿಶ್ರ (ಮೂರರ ನಡೆ) ಹಾಕುತ್ತಿಲ್ಲ, ಆದರೂ ಸಭೆಗೆ ತಿಶ್ರ ಕೇಳಿಸುತ್ತದೆ. ಮಕ್ಕಳನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅವರೂ ಅದನ್ನು ಕೇಳಿ ಸುಖಪಡಲಿ.

ಅಮೆರಿಕದ ರಚನಕಾರ ಮಾರ್ಟನ್ ಫೆಲ್ಡ್‌ಮನ್ ಅವರ ಕೃತಿ ಹಾಕಿದರೆ ಏನೂ ಕೇಳಿಸುವುದಿಲ್ಲ. ಧ್ವನಿ ಏರಿಸಿದರೆ ಮುಂದಿನ ಕೃತಿ ಕಿವಿ ಒಡೆಯುತ್ತದೆ. ಮೊಬೈಲಿನಲ್ಲಿ ಕೆಲವು ಕೃತಿಗಳು ಪೊಳ್ಳು. ದುಬಾರಿ ಹೆಡ್‌ಫೋನ್ ಬೇಕೇ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ದುಬಾರಿ ಬೇಡ. ಕಿವಿಯನ್ನು ಪೂರ್ತಿ ಮುಚ್ಚುವ ಸಾಧಾರಣ ತಂತಿ ಹೆಡ್‌ಫೋನ್ ಸಾಕು. ಆ್ಯಪಿನ ಸೆಟ್ಟಿಂಗ್ ಸರಿಪಡಿಸಿದರೆ ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಕಳೆಯುತ್ತದೆ. ವಾಲ್ಯೂಮ್ ನಾರ್ಮಲೈಸೇಶನ್ ಆಫ್ ಮಾಡಿ. ಅದು ಮೆಲುದನಿಯ ತುಣುಕನ್ನು ಎತ್ತಿ, ಗಟ್ಟಿಯದನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ನೋಡುತ್ತದೆ. ಸಿನಿಮಾ ಹಾಡಿಗೆ ಅದು ಸರಿ. ಭಾಗಗಳ ನಡುವಿನ ಏರಿಳಿತವೇ ಅರ್ಥವಾಗಿರುವ ಕೃತಿಯನ್ನು ಅದು ಹಾಳುಮಾಡುತ್ತದೆ. ಕ್ರಾಸ್‌ಫೇಡ್ ಸೊನ್ನೆಗೆ ಇಡಿ, ಇಲ್ಲವಾದರೆ ಒಂದು ಭಾಗದ ಕೊನೆಯ ಮೌನದ ಮೇಲೆ ಮುಂದಿನದು ಹತ್ತಿ ಕೂರುತ್ತದೆ. ಷಫಲ್ ಬೇಡ, ಈಕ್ವಲೈಜರ್ ಸಮತಟ್ಟಾಗಿರಲಿ.

ದೊಡ್ಡ ವಾದ್ಯವೃಂದದ ಕೃತಿಯಾದರೆ ಅತಿ ಗಟ್ಟಿಯಾದ ಜಾಗವನ್ನು ಮೊದಲು ಹುಡುಕಿ, ಅದು ಕಿವಿಗೆ ಹಿತವಾಗುವಷ್ಟು ಧ್ವನಿ ಇಟ್ಟು, ಆಮೇಲೆ ಆರಂಭಕ್ಕೆ ಬನ್ನಿ. ನಡುವೆ ಮುಟ್ಟಬೇಡಿ. ಫೆಲ್ಡ್‌ಮನ್‌ಗೆ ಲೆಕ್ಕ ಬೇರೆ. ಅವರು ಬಹುಪಾಲು ಕೃತಿಗಳನ್ನು ಮೆಲ್ಲಗೇ ನುಡಿಸಬೇಕೆಂದು ಬರೆದವರು. ಧ್ವನಿ ಏರಿಸಿದರೆ ಪಿಯಾನೊ ಸುತ್ತಿಗೆಯ ಪೆಟ್ಟು ಮುಂದಾಗಿ, ಆ ಪೆಟ್ಟಿನ ನಂತರ ನಾದ ಕರಗುವ ಬಗೆ ಹಿಂದಾಗುತ್ತದೆ. ಕೇಳಬೇಕಾದದ್ದು ಆ ಕರಗುವಿಕೆ. ಫ್ಯಾನ್ ಆರಿಸಿ, ರಾತ್ರಿ ಹತ್ತರ ಮೇಲೆ ಕೂತು, ಕೋಣೆಯ ಸದ್ದಿಗಿಂತ ಸ್ವಲ್ಪವೇ ಮೇಲೆ ಇಡಿ. 1971ರ ‘ರಾಥ್ಕೊ ಚಾಪೆಲ್’ ಮೊದಲಿಗೆ ಒಳ್ಳೆಯದು. ಸುಮಾರು 25 ನಿಮಿಷ, ವಿಯೋಲಾ, ತಾಳವಾದ್ಯ, ಚೆಲೆಸ್ಟಾ (ಗಂಟೆದನಿಯ ಕೀಲಿಮಣೆ ವಾದ್ಯ), ಗಾಯಕವೃಂದ. ಕೊನೆಗೆ ವಿಯೋಲಾದಲ್ಲಿ ಒಂದು ಸರಳ ಹಾಡು ಬರುತ್ತದೆ, ಫೆಲ್ಡ್‌ಮನ್ ಹದಿಹರೆಯದಲ್ಲಿ ಕಟ್ಟಿದ್ದು. ಅದುವರೆಗಿನ ಇಪ್ಪತ್ತು ನಿಮಿಷ ಕಾದವರಿಗಷ್ಟೇ ಅದರ ಬೆಲೆ ತಿಳಿಯುತ್ತದೆ, ನೇರವಾಗಿ ಅಲ್ಲಿಗೆ ಹಾರಬೇಡಿ. ಎರಡನೆಯ ತಂತಿವಾದ್ಯ ಚತುಷ್ಟಯವನ್ನು ಸದ್ಯಕ್ಕೆ ದೂರವಿಡಿ, ಅದು ಹತ್ತಿರ ಹತ್ತಿರ ಆರು ಗಂಟೆಯದು.

ಪೊಳ್ಳು ಎನಿಸುವುದಕ್ಕೆ ಕಾರಣ ಮೊಬೈಲಿನ ಸ್ಪೀಕರ್. ಡಬಲ್ ಬೇಸಿನ ತಗ್ಗಿನ ತಂತಿ ಸುಮಾರು 41 ಹರ್ಟ್ಸ್. ಬೆರಳಗಲದ ಸ್ಪೀಕರಿಗೆ ಆ ಗಾಳಿ ತಳ್ಳುವ ಶಕ್ತಿಯಿಲ್ಲ. ಮೂಲಸ್ವರದ ಜೊತೆ ತಾವಾಗಿ ಹುಟ್ಟುವ ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುವುದರಿಂದ ಸ್ವರ ಯಾವುದೆಂದು ತಿಳಿಯುತ್ತದೆ. ಭಾರ ಮಾತ್ರ ಮಾಯ. ಇನ್ನೊಂದು ಮಾತು: ಒಂದೇ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಜರ್ಮನಿಯ ರಚನಕಾರ ಸ್ಟಾಕ್‌ಹೌಸನ್ ಅವರನ್ನು ಕೇಳಬೇಡಿ. 1956ರ ‘ಗೆಸಾಂಗ್ ಡೆರ್ ಯೂಂಗ್ಲಿಂಗ’ದಲ್ಲಿ ಹುಡುಗನ ದನಿ ಸಭೆಯ ಸುತ್ತ ಓಡಾಡಬೇಕೆಂದು ಐದು ವಾಹಿನಿಗಳಿಗೆ ಕಟ್ಟಿದ್ದು. ನಮಗೆ ಸಿಗುವುದು ಎರಡಕ್ಕೆ ಇಳಿಸಿದ ರೂಪ, ಅದರಲ್ಲೂ ಅರ್ಧ ಕಳೆದುಕೊಂಡರೆ ಏನೂ ಉಳಿಯದು.

ಮೈಸೂರು ಮಹಾರಾಜರು ಒಬ್ಬ ರಷ್ಯನ್ ರಚನಕಾರರಿಗೆ ನೆರವಾಗಿದ್ದರೆಂದು ಕೇಳಿದ್ದೇನೆ. ಯಾರವರು? ಕೇಳಲು ಯಾವುದು ಒಳ್ಳೆಯದು?
(ಓದುಗರು, ಮೈಸೂರು)

ನಿಕೊಲಾಯ್ ಮೆಟ್ನರ್, 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿ 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವರು. ರಷ್ಯದ ಹೆಸರಾಂತ ರಚನಕಾರ ರಾಖ್ಮನಿನೋವ್ ಅವರ ಆಪ್ತಮಿತ್ರರು, ರಾಖ್ಮನಿನೋವ್ ಅವರ ನಾಲ್ಕನೇ ಪಿಯಾನೊ ಕಾಂಚೆರ್ಟೊ (ಒಂಟಿ ವಾದ್ಯ ಮತ್ತು ವೃಂದದ ಕೃತಿ) ಮೆಟ್ನರ್‌ಗೆ ಅರ್ಪಣೆಯಾದದ್ದು. ಆದರೂ ರಷ್ಯ ಬಿಟ್ಟ ಮೇಲೆ ಯುರೋಪು ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಆಗ ಕೈಹಿಡಿದವರು ಜಯಚಾಮರಾಜೇಂದ್ರ ಒಡೆಯರ್. ಅವರು ಹಣ ಒದಗಿಸಿ ಕಟ್ಟಿದ ಮೆಟ್ನರ್ ಸೊಸೈಟಿಯ ಮೂಲಕ 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿ ಮೆಟ್ನರ್ ಕೃತಿಗಳನ್ನು ಧ್ವನಿಮುದ್ರಿಸಿತು, ಪಿಯಾನೊಗೆ ಕೂತವರು ಮುಪ್ಪಿನ ಮೆಟ್ನರ್ ತಾವೇ. ಮೂರನೇ ಕಾಂಚೆರ್ಟೊವನ್ನು ಅವರು ಮಹಾರಾಜರಿಗೆ ಅರ್ಪಿಸಿದ್ದಾರೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ದೊರೆಯೇ ಇದನ್ನೂ ಮಾಡಿದ್ದು. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ‘ಕೊನೆಯ ನಾಲ್ಕು ಹಾಡುಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಅವರು ಖರ್ಚಿಗೆ ಹೊಣೆ ನಿಂತಿದ್ದರಿಂದ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಮೈಸೂರಿನಲ್ಲಿ ಇದು ಇನ್ನೂ ಹೆಚ್ಚು ಜನಕ್ಕೆ ಗೊತ್ತಿರಬೇಕಾದ ಸಂಗತಿ.

ಕೇಳಲು ಮೊದಲು ‘ಸ್ಕಾಜ್ಕಿ’ ಎಂಬ ಕಿರುಕೃತಿಗಳು. ಸ್ಕಾಜ್ಕಾ ಎಂದರೆ ರಷ್ಯನ್ನಿನಲ್ಲಿ ಅಜ್ಜಿಕತೆ. ಓಪಸ್ 20ರ ಮೊದಲನೆಯದು, ಓಪಸ್ 26ರ ಮೂರನೆಯದು, ಎರಡೂ ಮೂರು ನಿಮಿಷದ ಸುಮಾರು. ಮುಂದೆ ‘ಸೊನಾಟಾ ರೆಮಿನಿಸೆಂಜಾ’, ಓಪಸ್ 38ರ ಮೊದಲನೆಯದು, ಒಂದೇ ಭಾಗದ ಕಾಲುಗಂಟೆಯ ಕೃತಿ. ಆರಂಭದಲ್ಲಿ ಬರುವ ತೂಗುವಂಥ ಪುಟ್ಟ ಸಾಲನ್ನು ಬಾಯಲ್ಲಿ ಗುನುಗಲು ಬರುವವರೆಗೆ ಮೊದಲ ನಿಮಿಷವನ್ನೇ ಎರಡು ಮೂರು ಸಲ ಹಾಕಿ. ಆ ಸಾಲು ಪಲ್ಲವಿಯಂತೆ ಮರಳಿ ಬರುತ್ತದೆ, ಬಂದಾಗಲೆಲ್ಲ ಅದರ ಸುತ್ತಲಿನದು ಬದಲಾಗಿರುತ್ತದೆ. ಅದು ಕೈಗೆ ಸಿಗದಿದ್ದರೆ ಇಡೀ ಕೃತಿ ಅಲೆದಾಟದಂತೆ ಕೇಳಿಸುತ್ತದೆ. ಮೆಟ್ನರ್ ಒಣ ಎಂಬ ದೂರು ಹುಟ್ಟುವುದೇ ಹೀಗೆ: ರಾಖ್ಮನಿನೋವ್ ತಮ್ಮ ರಾಗವನ್ನು ಮೇಲೆ ತೇಲಿಬಿಡುತ್ತಾರೆ, ಮೆಟ್ನರ್ ನಡುಬೆರಳುಗಳಲ್ಲಿ, ಎಡಗೈಯಲ್ಲಿ ಬಚ್ಚಿಡುತ್ತಾರೆ. ಒಂದು ಸಲ ಎಡಗೈಯನ್ನಷ್ಟೇ ಕೇಳಿ.

ಮಹಾರಾಜರ ಕಾಲದ ಮುದ್ರಣ 78 ವೇಗದ ತಟ್ಟೆಗಳದ್ದು, ಚರಚರ ಸದ್ದಿರುತ್ತದೆ. ಕೃತಿ ಕಲಿಯಲು ಮಾರ್ಕ್ ಆಂದ್ರೆ ಆಮ್ಲಾಂ ನುಡಿಸಿದ 14 ಸೊನಾಟಾಗಳ ಮುದ್ರಣ ಹಿಡಿಯಿರಿ, ಕೃತಿ ಪರಿಚಯವಾದ ಮೇಲೆ ಮೆಟ್ನರ್ ನುಡಿಸಿದ್ದಕ್ಕೆ ಹೋಗಿ. ಜಾಲದಲ್ಲಿ ಹುಡುಕುವಾಗ ಹೆಸರಿನ ಜೊತೆ ಓಪಸ್ ಸಂಖ್ಯೆಯನ್ನೇ ಹಾಕಿ. ರಷ್ಯನ್ ಶೀರ್ಷಿಕೆಗಳು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಮೂರು ಬಗೆಯಾಗಿ ಓಡಾಡುತ್ತವೆ, ಸಂಖ್ಯೆಯೊಂದೇ ಬದಲಾಗುವುದಿಲ್ಲ. ಭಾರತದಲ್ಲಿ ಹಕ್ಕುಸ್ವಾಮ್ಯ ರಚನಕಾರರು ತೀರಿಕೊಂಡ 60 ವರ್ಷದವರೆಗೆ, ಆದ್ದರಿಂದ ಮೆಟ್ನರ್, ವೇಬರ್ನ್ ಇಬ್ಬರ ಸ್ವರಲಿಪಿಯನ್ನೂ ಐಎಂಎಸ್‌ಎಲ್‌ಪಿ ತಾಣದಿಂದ ಧಾರಾಳವಾಗಿ ಇಳಿಸಿಕೊಳ್ಳಬಹುದು. ಲಿಗೆಟಿ ತೀರಿಕೊಂಡದ್ದು 2006ರಲ್ಲಿ, ಅವರದನ್ನು ಕೊಳ್ಳಬೇಕು.

ಒಂದೇ ಸ್ವರದ ಮೇಲೆ ಇಡೀ ಕೃತಿ ಬರೆದವರಿದ್ದಾರಂತೆ. ತಂಬೂರಿ ಮುಂದೆ ಕೂತು ಬೆಳೆದ ನಮಗೆ ಅದರಲ್ಲಿ ಹೊಸದೇನಿದೆ?
(ಹಿಂದುಸ್ತಾನಿ ಗಾಯನದ ವಿದ್ಯಾರ್ಥಿ, ಧಾರವಾಡ)

ತಂಬೂರಿ ಮುಂದೆ ಬೆಳೆದದ್ದೇ ನಿಮ್ಮ ಬಂಡವಾಳ, ಈ ಸಂಗೀತಕ್ಕೆ ನಿಮಗಿಂತ ತಯಾರಾದ ಕೇಳುಗರು ಸಿಗುವುದು ಕಷ್ಟ. ಇಟಲಿಯ ಶೆಲ್ಸಿ 1959ರಲ್ಲಿ ಬರೆದ ಕೃತಿಯ ಹೆಸರೇ ‘ಒಂದೊಂದೇ ಸ್ವರದ ಮೇಲೆ ನಾಲ್ಕು ತುಣುಕು’. 26 ವಾದಕರು, ಸುಮಾರು ಕಾಲುಗಂಟೆ, ಒಂದು ಭಾಗಕ್ಕೆ ಒಂದೇ ಸ್ವರ. ಅದನ್ನು ಕಾಲು ಸ್ವರದಷ್ಟು ಸರಿಸುತ್ತಾರೆ, ಕಂಪಿಸುತ್ತಾರೆ, ಒಂದು ವಾದ್ಯದಿಂದ ಇನ್ನೊಂದಕ್ಕೆ ದಾಟಿಸುತ್ತಾರೆ.

ಕೇಳುವ ಮೊದಲು ಹತ್ತು ನಿಮಿಷದ ತಯಾರಿ ಮಾಡಿಕೊಳ್ಳಿ. ನಿಜವಾದ ತಂಬೂರಿ ಹಿಡಿಯಿರಿ, ಮೊಬೈಲಿನದು ಬೇಡ. ಜವಾರಿ (ತಂತಿಯ ಝೇಂಕಾರ) ಸರಿಯಾಗಿ ತೆರೆಯುವವರೆಗೆ ಕುದುರೆಯ ಮೇಲಿನ ದಾರ ಸರಿಸಿ, ಖರ್ಜದ (ಮಂದ್ರ ಷಡ್ಜದ) ತಂತಿಯೊಂದನ್ನೇ ಮೀಟಿ. ಅದರೊಳಗಿಂದ ಗಾಂಧಾರ ಎದ್ದು ಬರುವುದನ್ನು ನೀವು ದಿನವೂ ಕೇಳುತ್ತೀರಿ, ನಮ್ಮವರು ಸ್ವಯಂಭೂ ಎಂದದ್ದು ಅದನ್ನೇ. ಮೂಲಸ್ವರದ ಐದು ಪಟ್ಟು ಕಂಪನದ ಉಪಸ್ವರ ಅದು. ಕಿವಿಯನ್ನು ಅದರ ಮೇಲೆ ಇನ್ನಷ್ಟು ಹೊತ್ತು ನಿಲ್ಲಿಸಿದರೆ ಏಳು ಪಟ್ಟಿನದೂ ಸಿಗುತ್ತದೆ, ಕೋಮಲ ನಿಷಾದಕ್ಕಿಂತ ಸ್ವಲ್ಪ ಇಳಿದದ್ದು, ಹಾರ್ಮೋನಿಯಮ್ಮಿನಲ್ಲಿ ಇಲ್ಲದ ಜಾಗ. ಆ ಕಿವಿಯಲ್ಲೇ ಫ್ರಾನ್ಸಿನ ರಚನಕಾರ ಗ್ರಿಸೆ ಅವರ 1975ರ ‘ಪಾರ್ಸಿಯೆಲ್’ ಹಾಕಿ. ಟ್ರಾಂಬೋನಿನ ಒಂದು ತಗ್ಗಿನ ಸ್ವರವನ್ನು ಯಂತ್ರದಲ್ಲಿ ಬಿಡಿಸಿ ನೋಡಿ, ಅದರ ಉಪಸ್ವರಗಳನ್ನು ಒಂದೊಂದು ವಾದ್ಯಕ್ಕೆ ಹಂಚಿ 18 ಜನ ನುಡಿಸುವಂತೆ ಬರೆದದ್ದು. ಒಂದು ತಂತಿಯ ಹೊಟ್ಟೆಯೊಳಗೆ ಹೊಕ್ಕು ಕೂತ ಹಾಗೆ.

ಇನ್ನೊಂದು ನಂಟು ನಿಮ್ಮ ಊರಿಗೇ ಹತ್ತಿರದ್ದು. ಅಮೆರಿಕದ ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ, ದೀರ್ಘ ನಾದದ, ಪುನರಾವರ್ತನೆಯ ಸಂಗೀತಕ್ಕೆ ಅಲ್ಲಿ ದಾರಿ ತೆರೆದವರು, 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾನಾ ಘರಾಣೆಯವರು, ಅಬ್ದುಲ್ ವಹೀದ್ ಖಾನರಲ್ಲಿ ಕಲಿತವರು. ಅದೇ ಘರಾಣೆಯ ಅಬ್ದುಲ್ ಕರೀಮ್ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಬಂದ ದಾರಿ ನಿಮಗೆ ಗೊತ್ತೇ ಇದೆ. ಸ್ವರವನ್ನು ಆತುರವಿಲ್ಲದೆ ಬೆಳೆಸುವ ಒಂದೇ ಪಾಠ ಎರಡು ದಿಕ್ಕಿಗೆ ಹರಿಯಿತು. ರೈಲಿಯವರ 1964ರ ‘ಇನ್ ಸಿ’ ಮಾತ್ರ ಇದಕ್ಕೂ ಮೊದಲಿನದು. 53 ಪುಟ್ಟ ಸ್ವರಗುಚ್ಛಗಳು, ಪ್ರತಿಯೊಬ್ಬ ವಾದಕರೂ ಒಂದೊಂದನ್ನು ತಮಗೆ ಬೇಕಾದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುವುದು. ಎರಡು ಬೇರೆ ವೃಂದಗಳ ಮುದ್ರಣ ಹೋಲಿಸಿ ಕೇಳಿ, ಒಂದೇ ಕೃತಿಯೆಂದು ನಂಬುವುದೇ ಕಷ್ಟ.

ಅಮೆರಿಕದ ರಚನಕಾರ ಜಾನ್ ಕೇಜ್ ಅವರ ‘ಮೌನದ ಕೃತಿ’ ತಮಾಷೆಯೇ? ಭಾರತದಲ್ಲಿ ಇಂಥ ಪ್ರಯೋಗ ಯಾರೂ ಮಾಡಲಿಲ್ಲವೇ?
(ಸ್ನಾತಕೋತ್ತರ ವಿದ್ಯಾರ್ಥಿನಿ, ಮಂಗಳೂರು)

ತಮಾಷೆಯಲ್ಲ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕಿನಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕೂತು, 4 ನಿಮಿಷ 33 ಸೆಕೆಂಡ್ ಒಂದು ಸ್ವರವನ್ನೂ ನುಡಿಸದೆ ಎದ್ದರು. ಕೃತಿಗೆ ಮೂರು ಭಾಗ, ಮುಚ್ಚಳ ಹಾಕಿ ತೆಗೆದು ಭಾಗಗಳನ್ನು ತೋರಿಸಿದರು. ಕೇಳಬೇಕಾದದ್ದು ಆ ಹೊತ್ತಿನಲ್ಲಿ ಅಲ್ಲಿದ್ದ ಸದ್ದನ್ನು. ಇದನ್ನು ಯೂಟ್ಯೂಬಿನಲ್ಲಿ ಕೇಳಿ ಫಲವಿಲ್ಲ. ಗಡಿಯಾರ ಇಟ್ಟುಕೊಂಡು ಹಿತ್ತಲಿನಲ್ಲಿ ಕೂತರೆ ಆಯಿತು. ಆದರೆ ಕೇಜ್ ಅವರನ್ನು ಇಲ್ಲಿಂದ ಶುರು ಮಾಡಬೇಡಿ. ‘ಸೊನಾಟಾಸ್ ಆ್ಯಂಡ್ ಇಂಟರ್ಲೂಡ್ಸ್’ ಕೇಳಿ, 1946ರಿಂದ 1948ರದ್ದು. ಪಿಯಾನೊದ 45 ಸ್ವರಗಳ ತಂತಿಗಳ ನಡುವೆ ತಿರುಪು, ಬೋಲ್ಟು, ರಬ್ಬರು ಸಿಕ್ಕಿಸಿ ಇಡೀ ವಾದ್ಯವನ್ನು ತಾಳವಾದ್ಯಗಳ ಮೇಳವಾಗಿಸಿದ್ದು. ಕೇಜ್ ಇಲ್ಲಿ ಹಿಡಿಯಹೊರಟದ್ದು ನಮ್ಮ ನವರಸಗಳನ್ನು, ಎಲ್ಲ ರಸವೂ ಶಾಂತದ ಕಡೆ ವಾಲುವುದನ್ನು.

ಭಾರತದ ನಂಟು ಅಲ್ಲೇ ಇದೆ. ಅಹಮದಾಬಾದಿನ ಗೀತಾ ಸಾರಾಭಾಯಿ, ಪಖವಾಜ್ ಕಲಿತ ಹೆಣ್ಣುಮಗಳು, 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು ಅವರಿಗೆ ನಮ್ಮದನ್ನು ಕಲಿಸಿದರು. ಮನಸ್ಸನ್ನು ತಿಳಿಯಾಗಿಸಿ ದೈವದ ಪ್ರಭಾವಕ್ಕೆ ತೆರೆಯುವುದು ಸಂಗೀತದ ಕೆಲಸ ಎಂಬ, ಕೇಜ್ ಜೀವನವಿಡೀ ಹಿಡಿದ ಮಾತು ಅವರು ಕೊಟ್ಟದ್ದು. ಮುಂದೆ 1969ರಲ್ಲಿ ಅದೇ ಟ್ಯೂಡರ್ ಅಹಮದಾಬಾದಿಗೆ ಬಂದು, ಗೀತಾ ಅವರ ಒಡಹುಟ್ಟಿದವರಾದ ಗೌತಮ್ ಮತ್ತು ಗಿರಾ ಕಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್ ಕೂರಿಸಿ, ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ತೆರೆದುಕೊಟ್ಟರು. ಅಲ್ಲಿ ಗೀತಾ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮಾಡಿಟ್ಟ ಟೇಪುಗಳು ಸಂಸ್ಥೆಯ ಕಪಾಟಿನಲ್ಲೇ ಉಳಿದಿದ್ದವು. ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದು, 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂದು ಆಯ್ದ ಸಂಕಲನ ಬಂದಿದೆ. ಹೆಡ್‌ಫೋನ್ ಹಾಕಿಯೇ ಕೇಳಿ. ಹಾಡಿನ ನಿರೀಕ್ಷೆಯಲ್ಲಿ ಕೂತರೆ ನಿರಾಸೆ ಖಂಡಿತ, ಒಂದು ಹೊಸ ಯಂತ್ರದ ತಿರುಗಣೆಗಳನ್ನು ಒಂದೊಂದಾಗಿ ತಿರುಗಿಸಿ ಏನು ಬರುತ್ತದೆಂದು ನೋಡುತ್ತಿರುವವರ ಪಕ್ಕ ನಿಂತಂತೆ ಕೇಳಿ.

ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳು ಇಷ್ಟ. ಆದರೆ ರಾಗದ ಮುಖ ಹಿಡಿಯಲು ಆಗುವುದಿಲ್ಲ, ಏನೋ ಚೆಂದ ಅನ್ನುವುದಕ್ಕೇ ನಿಲ್ಲುತ್ತದೆ.
(ಶಾಲಾ ಶಿಕ್ಷಕರು, ಕಲಬುರಗಿ)

ಮನ್ಸೂರರ ಜೈಪುರ ಅತ್ರೌಲಿ ಘರಾಣೆಯ ಜೋಡುರಾಗಗಳನ್ನು (ಎರಡು ರಾಗ ಬೆಸೆದವನ್ನು) ನೇರವಾಗಿ ಹಿಡಿಯಲು ಹೋದರೆ ಹೀಗೇ ಆಗುತ್ತದೆ. ಅಪ್ಪ ಅಮ್ಮನನ್ನು ನೋಡದೆ ಮಗುವಿನಲ್ಲಿ ಹೋಲಿಕೆ ಹುಡುಕುವ ಕೆಲಸ ಅದು. ಬಸಂತಿ ಕೇದಾರ ಕೇಳುವ ದಿನ ಮೊದಲು ಹತ್ತು ನಿಮಿಷ ಶುದ್ಧ ಕೇದಾರ ಕೇಳಿ, ಷಡ್ಜದಿಂದ ಮಧ್ಯಮಕ್ಕೆ ನೆಗೆಯುವ ಅದರ ನಡೆ ಕಿವಿಯಲ್ಲಿ ಕೂರಲಿ. ಆಮೇಲೆ ಹತ್ತು ನಿಮಿಷ ಬಸಂತ್, ತಾರ ಷಡ್ಜದಿಂದ ಕೋಮಲ ಧೈವತ ಹಿಡಿದು ಇಳಿಯುವ ದಾರಿ. ಈಗ ಮನ್ಸೂರರನ್ನು ಹಾಕಿ, ಕೇದಾರ ಬಂದಾಗ ಎಡಗೈ, ಬಸಂತ್ ಬಂದಾಗ ಬಲಗೈ ಎತ್ತಿ. ಮಕ್ಕಳಾಟದಂತೆ ಕಂಡರೂ ಕಿವಿ ಎಲ್ಲಿ ಅನುಮಾನಿಸುತ್ತದೆ ಎಂದು ತೋರಿಸುವ ಖಚಿತ ದಾರಿ ಇದು. ಎರಡೂ ಕೈ ಎತ್ತಬೇಕೆನಿಸುವ ಜಾಗ ಬರುತ್ತದೆ. ಅದೇ ಬೆಸುಗೆ, ಘರಾಣೆಯ ಗುಟ್ಟು ಇರುವುದು ಅಲ್ಲಿ. ಆ ಅರ್ಧ ನಿಮಿಷವನ್ನೇ ಹಿಂದಕ್ಕೆ ತಿರುಗಿಸಿ ಕೇಳಿ.

ಇದಕ್ಕಿಂತ ಸುಲಭದ್ದು ಬೇಕಾದರೆ ಸಂಪೂರ್ಣ ಮಾಲಕಂಸ. ಮಾಲಕಂಸದಲ್ಲಿ ರಿಷಭ, ಪಂಚಮ ಎರಡೂ ಇಲ್ಲ, ನಮ್ಮ ಹಿಂದೋಳದ ಹಾಗೆ. ಸಂಪೂರ್ಣದಲ್ಲಿ ಅವೆರಡೂ ಬರುತ್ತವೆ. ಐದು ಸ್ವರಕ್ಕೆ ಒಗ್ಗಿದ ಕಿವಿಗೆ ಮೊದಲ ಪಂಚಮ ಬಿದ್ದಾಗ ಬೆಚ್ಚುವಂತಾಗುತ್ತದೆ. ಪಂಚಮ ಬಂದಾಗಲೆಲ್ಲ ಚೀಟಿಯ ಮೇಲೆ ಒಂದು ಗೆರೆ ಎಳೆಯಿರಿ, ಅದರ ಪಕ್ಕದಲ್ಲಿ ಆರೋಹದಲ್ಲಿ ಬಂದದ್ದೋ ಅವರೋಹದಲ್ಲೋ ಎಂದು ಗುರುತು ಹಾಕಿ. ಒಂದು ಬಂದೀಶ್ ಮುಗಿಯುವ ಹೊತ್ತಿಗೆ ರಾಗದ ನಡೆ ಚೀಟಿಯಲ್ಲೇ ಕಾಣಿಸುತ್ತದೆ. ಏಕನಿಷಾದ ಬಿಹಾಗಡಾಕ್ಕೂ ಇದೇ ಉಪಾಯ: ಸಾಮಾನ್ಯ ಬಿಹಾಗಡಾದಲ್ಲಿ ಎರಡು ನಿಷಾದ, ಇಲ್ಲಿ ಒಂದೇ. ಬರಬೇಕಾದ ಜಾಗದಲ್ಲಿ ಬಾರದಿರುವ ಸ್ವರಕ್ಕೆ ಗೆರೆ ಎಳೆಯಬೇಕು, ಅದಕ್ಕೆ ಮಾಮೂಲು ಬಿಹಾಗಡಾ ಒಂದು ವಾರವಾದರೂ ಕೇಳಿಕೊಂಡಿರಬೇಕು.